ಸೆಪ್ಟೆಂಬರಿನ ಬೇಸ್‌ಬಾಲ್, ಖರಹರಪ್ರಿಯದ ಜಾಝ್, ಹನ್ನೊಂದು ಮಾತ್ರೆಯ ರಾಕ್: ಎಲ್ಲಿಂದ ಶುರು ಮಾಡೋದು?

ನೀವು ಕೇಳಿರೋದು ಇಷ್ಟು: ಕೆಲಸದ ಮೇಲೆ ಬಾಸ್ಟನ್‌ಗೆ ಬಂದು ಎರಡು ತಿಂಗಳಾಯ್ತು, ಆಫೀಸಿನಲ್ಲಿ ಪಕ್ಕದವರು ಜಾಝ್, ಹಳೆಯ ರಾಕ್ ರೆಕಾರ್ಡು, ಸೀಸನ್ ಕೊನೆಯ ಬೇಸ್‌ಬಾಲ್ ಅಂತ ಮೂರು ಹೊತ್ತೂ ಅದೇ ಮಾತಾಡ್ತಾರೆ. ಕ್ರಿಕೆಟ್ಟು, ಒಂಚೂರು ಕರ್ನಾಟಕ ಸಂಗೀತ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮಂಥವರಿಗೆ ಅದರಲ್ಲಿ ಏನು ಸಿಗುತ್ತೆ, ಎಲ್ಲಿಂದ ಶುರು ಮಾಡಬೇಕು?

ನಾನು ಮೈಸೂರಿನವನು, ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು, ಮೂರರ ಹುಚ್ಚೂ ನನಗೆ ಹತ್ತಿದೆ. ಮೊದಲು ಬೇಸ್‌ಬಾಲ್ ಹೇಳಿಬಿಡ್ತೀನಿ. ಈಗ ಸೆಪ್ಟೆಂಬರ್ ಮೂರನೇ ವಾರ. ರೆಕಾರ್ಡು ಡಿಸೆಂಬರಿನಲ್ಲೂ ಕಪಾಟಿನಲ್ಲೇ ಇರುತ್ತೆ, ಇದು ಇರಲ್ಲ.

ಯುಗಾದಿಯ ಆಸುಪಾಸಿನಲ್ಲಿ ಶುರುವಾಗಿ ನವರಾತ್ರಿ ಹೊತ್ತಿಗೆ ಮುಗಿಯೋ ಸೀಸನ್ ಇದು. ಒಂದೊಂದು ತಂಡಕ್ಕೂ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಡ್ತಾರೆ. ನೂರು ಗೆದ್ದರೆ ಅದ್ಭುತ ತಂಡ ಅಂತ ಲೆಕ್ಕ, ಅಂದರೆ ಅದ್ಭುತ ತಂಡವೂ ಅರವತ್ತು ರಾತ್ರಿ ಸೋತು ಮನೆಗೆ ಹೋಗಿರುತ್ತೆ. ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಹೊಡೆದವನು ದೊಡ್ಡ ಬ್ಯಾಟರ್. ಕ್ರಿಕೆಟ್ ಕಣ್ಣಿಗೆ ಇದು ಮೊದಲು ಒಗ್ಗೋದೇ ಇಲ್ಲ. ನನಗೆ ಅದಕ್ಕಿಂತ ಸಂಕಟ ಆಗಿದ್ದು ಫೌಲ್ ನೋಡಿ. ಚೆಂಡು ಬ್ಯಾಟರ್‌ನ ಬೆನ್ನ ಹಿಂದಕ್ಕೆ ಹೋದರೆ ರನ್ನಿಲ್ಲ. ನಮ್ಮ ವಿಶ್ವನಾಥ್ ಅವರ ಲೇಟ್ ಕಟ್ ಇಲ್ಲಿ ಬರೀ ಫೌಲ್! ಆದರೆ ಎರಡು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯದೆ ಬಿಟ್ಟ ಒಳ್ಳೆ ಚೆಂಡು) ಆದಮೇಲೆ ಅದೇ ಫೌಲ್ ಬ್ಯಾಟರ್‌ನ ಜೀವ ಕಾಯುತ್ತೆ. ಮೂರನೇ ಸ್ಟ್ರೈಕಿಗೆ ಔಟು, ಫೌಲ್ ಹೊಡೆದು ಯಾರೂ ಕ್ಯಾಚ್ ಹಿಡಿಯದಿದ್ದರೆ ಔಟಿಲ್ಲ. ಹಾಗಾಗಿ ಒಳ್ಳೆ ಒಳ್ಳೆ ಚೆಂಡನ್ನೆಲ್ಲ ಬ್ಯಾಟಿನ ಅಂಚಿಗೆ ತಾಗಿಸಿ ಆಚೆ ತಳ್ಳುತ್ತಾ, ಪಿಚರ್ (ಚೆಂಡು ಎಸೆಯೋನು) ಒಂದು ತಪ್ಪು ಮಾಡೋವರೆಗೂ ಬ್ಯಾಟರ್ ನಿಂತೇ ಇರ್ತಾನೆ. ಐದನೇ ದಿನ ಡ್ರಾಗಾಗಿ ಬ್ಲಾಕ್ ಮಾಡ್ತಾ ನಿಂತ ಕೊನೆಯ ಜೋಡಿ ನೋಡಿದ್ದೀರಲ್ಲ, ಆ ಮನಸ್ಸು ಇಟ್ಟುಕೊಂಡು ನೋಡಿ. ಆಗ ಬೇಜಾರಾಗಲ್ಲ.

ಸೀಸನ್ ಕೊನೆ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು 2011ರ ಸೆಪ್ಟೆಂಬರ್ 28ರ ರಾತ್ರಿ. ಆ ತಿಂಗಳ 3ನೇ ತಾರೀಖಿಗೆ ಮುಂದಿನ ಸುತ್ತಿನ ಜಾಗಕ್ಕಾಗಿ ನಮ್ಮ ಬಾಸ್ಟನ್ ತಂಡ ರೆಡ್ ಸಾಕ್ಸ್, ಫ್ಲಾರಿಡಾದ ಟ್ಯಾಂಪಾ ಬೇ ರೇಸ್ ತಂಡಕ್ಕಿಂತ ಒಂಬತ್ತು ಪಂದ್ಯ ಮುಂದಿತ್ತು. ಊರಲ್ಲಿ ಯಾರಿಗೂ ಚಿಂತೆ ಇರಲಿಲ್ಲ. ಆಮೇಲೆ ಸೋಲೋಕೆ ಶುರು. ಆ ಇಡೀ ತಿಂಗಳಲ್ಲಿ ಗೆದ್ದಿದ್ದು 7, ಸೋತಿದ್ದು 20. ಕೊನೆಯ ದಿನಕ್ಕೆ ಎರಡೂ ತಂಡ ಸಮ. ಸಾಕ್ಸ್ ಬಾಲ್ಟಿಮೋರಿನಲ್ಲಿ ಆಡ್ತಿದೆ, ರೇಸ್ ಫ್ಲಾರಿಡಾದಲ್ಲಿ ಯಾಂಕೀಸ್ ವಿರುದ್ಧ. ಮನೆಯವರೆಲ್ಲ ಮಲಗಿದ್ದರು. ನಾನು ಅಡುಗೆಮನೆ ಕಟ್ಟೆ ಮೇಲೆ ರೇಡಿಯೋ ಸಣ್ಣಗೆ ಹಾಕಿಕೊಂಡು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಒರೆಸ್ತಾ ನಿಂತಿದ್ದೆ.

ಯಾಂಕೀಸ್ 7-0 ಮುಂದೆ. ಇಲ್ಲಿ ಸಾಕ್ಸ್ 3-2 ಮುಂದೆ, ಅಷ್ಟರಲ್ಲಿ ಬಾಲ್ಟಿಮೋರಿನಲ್ಲಿ ಮಳೆ, ಆಟ ನಿಂತಿತು. ಇನ್ನೇನು ಮುಗೀತು, ಮಲಗೋಣ ಅಂದುಕೊಂಡೆ. ಮಳೆ ಸುರಿಯೋ ಹೊತ್ತಿನಲ್ಲೇ ಫ್ಲಾರಿಡಾದಲ್ಲಿ ಎಂಟನೇ ಇನ್ನಿಂಗ್ಸ್‌ನಲ್ಲಿ (ಒಂದು ಪಂದ್ಯಕ್ಕೆ ಒಂಬತ್ತು, ಒಂದೊಂದಕ್ಕೂ ಮೂರು ಔಟು) ರೇಸ್ ಆರು ರನ್ ಹೊಡೆದುಬಿಟ್ಟರು. 7-6. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟು, ಡ್ಯಾನ್ ಜಾನ್ಸನ್ ಅನ್ನೋ ಬ್ಯಾಟರ್ ಬಂದ. ಆ ವರ್ಷ ಅವನ ಸರಾಸರಿ .108, ಹತ್ತಕ್ಕೆ ಒಂದು ಹೊಡೆದಿದ್ದರೆ ಹೆಚ್ಚು. ಎರಡು ಸ್ಟ್ರೈಕ್ ಆಯ್ತು. ಮುಂದಿನ ಹೊಡೆತ ಬಲಗಡೆಯ ಫೌಲ್ ಕಂಬದ ಹತ್ತಿರಕ್ಕೆ, ನಮ್ಮ ಸಿಕ್ಸರಿನ ಹಾಗೆ ಗೋಡೆ ದಾಟಿದ ಹೋಮ್ ರನ್! ಪಂದ್ಯ ಸಮ.

ಮಳೆ ನಿಂತು ಬಾಲ್ಟಿಮೋರಿನಲ್ಲಿ ಆಟ ಮತ್ತೆ ಶುರುವಾದಾಗ ರಾತ್ರಿ ಹನ್ನೊಂದರ ಹತ್ತಿರ. ಆ ವರ್ಷ ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿದ್ದ 77 ಪಂದ್ಯಗಳಲ್ಲಿ ಒಂದನ್ನೂ ಸಾಕ್ಸ್ ಸೋತಿರಲಿಲ್ಲ. ಕೊನೆಯ ಇನ್ನಿಂಗ್ಸ್, ಇಬ್ಬರು ಔಟು, ಬೇಸ್ ಮೇಲೆ ಯಾರೂ ಇಲ್ಲ, ಚೆಂಡು ನಮ್ಮ ಪಿಚರ್ ಪ್ಯಾಪಲ್‌ಬಾನ್ ಕೈಯಲ್ಲಿ. ಒಂದು ಡಬಲ್, ಅಂದರೆ ಎರಡನೇ ಬೇಸ್ ತಲುಪಿಸೋ ಹೊಡೆತ. ಮುಂದಿನವನ ಮೇಲೆ ಎರಡು ಸ್ಟ್ರೈಕ್, ಇನ್ನೊಂದು ಬಿದ್ದರೆ ಗೆಲುವು. ಅವನೂ ಡಬಲ್ ಹೊಡೆದ, 3-3. ಆಮೇಲೆ ಬಾಲ್ಟಿಮೋರಿನ ಆಂಡಿನೋ ಹೊಡೆದ ಚೆಂಡು ಎಡಗಡೆ ಕೆಳಮಟ್ಟದಲ್ಲಿ ಬಂತು. ನಮ್ಮ ಫೀಲ್ಡರ್ ಕಾರ್ಲ್ ಕ್ರಾಫರ್ಡ್ ಜಾರಿಕೊಂಡು ಬಂದು ಗ್ಲೌಸಿಗೆ ತಗೊಂಡರು, ನಿಲ್ಲಲಿಲ್ಲ. 4-3. ಮೂರೇ ನಿಮಿಷ. ಫ್ಲಾರಿಡಾದಲ್ಲಿ ಸಮ ಆದ್ದರಿಂದ ಮುಂದುವರಿದ ಪಂದ್ಯದ ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ರೇಸ್ ತಂಡದ ಲೊಂಗೋರಿಯಾ ಎಡಮೂಲೆಯ ಗಿಡ್ಡ ಗೋಡೆ ದಾಟಿಸಿ ಹೊಡೆದರು, 8-7. ಆರು ತಿಂಗಳ ಸೀಸನ್ ಆ ಮೂರು ನಿಮಿಷದಲ್ಲಿ ಮುಗಿದುಹೋಯಿತು. ಕೈಯಲ್ಲಿ ಒರೆಸೋ ಬಟ್ಟೆ ಹಾಗೇ ಇತ್ತು. ನಮ್ಮ ತಂಡ ಸೋತಿದೆ, ಹೊಟ್ಟೆ ತೊಳಸ್ತಿದೆ, ಆದರೂ ಇಂಥದ್ದೊಂದನ್ನು ಕೇಳಿದೆನಲ್ಲ ಅಂತ ಮೈ ಜುಮ್ಮೆನ್ನುತ್ತಿತ್ತು. ಎರಡು ಗಂಟೆವರೆಗೂ ನಿದ್ದೆ ಬರಲಿಲ್ಲ.

ಆ ರಾತ್ರಿ ನಾನು ಹಾಕಿಕೊಂಡಿದ್ದು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ ಆಲ್ಬಮ್. ನಿಮ್ಮ ಎರಡನೇ ಪ್ರಶ್ನೆಗೆ ಇಲ್ಲಿಂದ ಬರ್ತೀನಿ.

ಇಲ್ಲೊಂದು ಚೆಂದದ ಸಂಗತಿ ಇದೆ. ಜಾಝ್ ಅನ್ನೋ ಪದ ಸಂಗೀತಕ್ಕೆ ಬರೋ ಮೊದಲೇ ಬೇಸ್‌ಬಾಲ್ ಸುದ್ದಿಯಲ್ಲಿ ಅಚ್ಚಾಗಿತ್ತು. 1912ರಲ್ಲಿ ಲಾಸ್ ಏಂಜಲೀಸಿನ ಪತ್ರಿಕೆಯೊಂದರಲ್ಲಿ ಬೆನ್ ಹೆಂಡರ್ಸನ್ ಅನ್ನೋ ಪಿಚರ್ ತಾನು ಎಸೆಯೋ ತಿರುವಿನ ಚೆಂಡಿಗೆ ಆ ಹೆಸರು ಕೊಟ್ಟಿದ್ದ. ಮರುವರ್ಷ ಸ್ಯಾನ್‌ ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಅಲ್ಲಿನ ತಂಡದ ಹುರುಪಿಗೆ ಅದೇ ಪದ ಬಳಸಿದರು. ಅದೇ 1912ರಲ್ಲೇ ರೆಡ್ ಸಾಕ್ಸ್ ಆಡೋ ಮೈದಾನ, ನಮ್ಮ ಫೆನ್‌ವೇ ಪಾರ್ಕೂ ತೆರೆದದ್ದು.

ಕೈಂಡ್ ಆಫ್ ಬ್ಲೂ ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಮುಂಚೆ ಚರ್ಚ್ ಆಗಿದ್ದ ಸ್ಟುಡಿಯೋದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನದಲ್ಲಿ ಆದದ್ದು. ಮೊದಲ ಹಾಡು ಸೋ ವಾಟ್. ಅದಕ್ಕೆ ಆಧಾರವಾಗಿರೋದು ಡೋರಿಯನ್ ಅನ್ನೋ ಸ್ವರಶ್ರೇಣಿ. ನಮಗೆ ಅದು ಹೊಸದಲ್ಲ, ಸ್ವರಗಳನ್ನಷ್ಟೇ ನೋಡಿದರೆ ಖರಹರಪ್ರಿಯ. ಎರಡು ಮನೆ ಶ್ರುತಿಯಲ್ಲಿ ಹದಿನಾರು ಬಾರ್ (ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತದ ಹಾಗೆ), ಆಮೇಲೆ ಇಡೀ ಷಡ್ಜವೇ ಅರ್ಧ ಮನೆ ಮೇಲೆ ಜರುಗಿ ಎಂಟು ಬಾರ್, ಮತ್ತೆ ಕೆಳಗಿಳಿದು ಎಂಟು ಬಾರ್. ಕಛೇರಿಯ ನಡುವೆ ತಂಬೂರಿ ಶ್ರುತಿ ಏರಿಸಿ ಮತ್ತೆ ಇಳಿಸಿದ ಹಾಗೆ! ನಮ್ಮಲ್ಲಿ ಯಾರೂ ಹಾಗೆ ಮಾಡಲ್ಲ. ಆ ಎಂಟು ಬಾರ್ ಬಂದಾಗ ಕಾಲ ಕೆಳಗಿನ ನೆಲ ಒಂದು ಮೆಟ್ಟಿಲು ಎದ್ದ ಹಾಗನ್ನಿಸುತ್ತೆ. ಇದಷ್ಟು ಕಿವಿಗೆ ಹಿಡಿದರೆ ಮಿಕ್ಕಿದ್ದನ್ನು ಮೈಲ್ಸ್ ಮತ್ತು ಸ್ಯಾಕ್ಸೊಫೋನ್ ನುಡಿಸೋ ಜಾನ್ ಕೋಲ್ಟ್ರೇನ್ ತಾವೇ ಹೇಳಿಕೊಡ್ತಾರೆ. ಒಬ್ಬರು ಕಡಿಮೆ ಸ್ವರ ಹಚ್ಚಿ ಖಾಲಿ ಜಾಗ ಬಿಡ್ತಾರೆ, ಇನ್ನೊಬ್ಬರು ಸ್ವರಗಳ ಮಳೆಯನ್ನೇ ಸುರಿಸ್ತಾರೆ.

ನನ್ನ ಹತ್ತಿರ ಇರೋದು ಹಳೆಯ ಎಲ್‌ಪಿ. ತೊಂಬತ್ತರ ದಶಕಕ್ಕಿಂತ ಹಿಂದಿನದು, ಸೆಕೆಂಡ್ ಹ್ಯಾಂಡ್. ಒಂದು ಸಂಜೆ ಅದರ ಜೊತೆಗೆ ಶ್ರುತಿಪೆಟ್ಟಿಗೆಯನ್ನು ಎರಡು ಮನೆಗೆ ಇಟ್ಟುಕೊಂಡು ಕೂತೆ. ಸೇರಲೇ ಇಲ್ಲ, ರೆಕಾರ್ಡು ಕೂದಲೆಳೆಯಷ್ಟು ಮೇಲೆ. ಟರ್ನ್‌ಟೇಬಲ್ ಬೆಲ್ಟು ಸರಿಯಿಲ್ಲ ಅಂತ ಬದಲಾಯಿಸಿದೆ, ಆಗಲೂ ಹಾಗೇ. ಬದಿ ತಿರುಗಿಸಿ ಹಾಕಿದರೆ ಅಲ್ಲಿ ಸರಿಯಾಗಿದೆ! ಮಾರ್ಚ್ 2ರಂದು ಸ್ಟುಡಿಯೋದ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಹಾಗೆ ಹಿಡಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತೆ. ಮೊದಲ ಬದಿಯ ಮೂರೂ ಹಾಡು ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ಅಚ್ಚಾಗ್ತಾ ಬಂದವು, ತೊಂಬತ್ತರ ದಶಕದಲ್ಲಿ ಸರಿಮಾಡಿದರು. ಸರಿಮಾಡಿದ್ದೂ ನನ್ನಲ್ಲಿದೆ. ಆದರೂ ಕೈ ಹೋಗೋದು ಆ ಏರುಶ್ರುತಿಯ ಹಳೆಯದಕ್ಕೇ.

ಸ್ಯಾಕ್ಸೊಫೋನ್ ನಮಗೆ ದೂರದ ವಾದ್ಯವೂ ಅಲ್ಲ. ಮೈಸೂರಿನ ಗಣೇಶೋತ್ಸವದ ಪೆಂಡಾಲಿನಲ್ಲಿ ಕದ್ರಿ ಗೋಪಾಲನಾಥ್ ಅವರನ್ನು ಕೇಳಿ ಬೆಳೆದವನು ನಾನು. ಅವರು ಆ ವಾದ್ಯವನ್ನು ಮೊದಲು ಕಂಡಿದ್ದೂ ಮೈಸೂರಿನಲ್ಲೇ, ಅರಮನೆ ಬ್ಯಾಂಡಿನಲ್ಲಿ. 2008ರಲ್ಲಿ ಅವರೂ ಅಮೆರಿಕದಲ್ಲಿ ಬೆಳೆದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರೂ ಸೇರಿ ಕಿನ್ಸ್‌ಮೆನ್ ಅನ್ನೋ ಆಲ್ಬಮ್ ಮಾಡಿದರು. ಎರಡು ಸ್ಯಾಕ್ಸೊಫೋನ್, ಒಂದು ಗಮಕದಲ್ಲಿ ತೂಗುತ್ತೆ, ಇನ್ನೊಂದು ಅದನ್ನು ಕೇಳಿಸಿಕೊಂಡು ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತೆ. ನಿಮಗೆ ಜಾಝ್ ತೀರಾ ಅಪರಿಚಿತ ಅನ್ನಿಸಿದರೆ ಆ ಬಾಗಿಲಿನಿಂದ ಬನ್ನಿ.

ರಾಕ್‌ಗೂ ಜಾಝ್ ಮೂಲಕವೇ ಹೋಗಬಹುದು, ನಾನು ಹೋಗಿದ್ದು ಹಾಗೆ. ಕೋಲ್ಟ್ರೇನ್ 1961ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಇಂಡಿಯಾ ಅನ್ನೋ ರಚನೆ ನುಡಿಸಿದರು. ರವಿಶಂಕರ್ ಅವರ ಮೇಲಿನ ಗೌರವಕ್ಕೆ ಮಗನಿಗೆ ರವಿ ಅಂತಲೇ ಹೆಸರಿಟ್ಟವರು ಅವರು. ಆ ಇಂಡಿಯಾವನ್ನು ಪ್ರವಾಸದ ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳಿಕೊಂಡ ಬರ್ಡ್ಸ್ ತಂಡ 1966ರಲ್ಲಿ ಏಯ್ಟ್ ಮೈಲ್ಸ್ ಹೈ ಹೊರತಂದಿತು. ಗಿಟಾರು ಕೋಲ್ಟ್ರೇನ್ ಅವರ ಸ್ಯಾಕ್ಸೊಫೋನಿನ ಹಾಗೆ ಓಡೋದು ಅದರಲ್ಲಿ ಸ್ಪಷ್ಟ ಕೇಳಿಸುತ್ತೆ.

ಆದರೆ ಒಂದೇ ಒಂದು ರಾಕ್ ರೆಕಾರ್ಡು ಹೇಳಿ ಅಂದರೆ ನಾನು ಹೇಳೋದು ಆಲ್‌ಮನ್ ಬ್ರದರ್ಸ್ ತಂಡದ ಅಟ್ ಫಿಲ್‌ಮೋರ್ ಈಸ್ಟ್. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಥಿಯೇಟರಿನಲ್ಲಿ, ಜನರ ಎದುರು ನುಡಿಸಿದ್ದು. ಎರಡು ಎಲ್‌ಪಿ, ನಾಲ್ಕು ಬದಿ. ಗಿಟಾರ್ ವಾದಕ ಡ್ವೇನ್ ಆಲ್‌ಮನ್ ತಮ್ಮ ನುಡಿಸಾಣಿಕೆ ಬಂದಿದ್ದು ಮೈಲ್ಸ್, ಕೋಲ್ಟ್ರೇನ್ ಅವರಿಂದ, ಅದರಲ್ಲೂ ಕೈಂಡ್ ಆಫ್ ಬ್ಲೂ ಇಂದ ಅಂತ ಹೇಳಿಕೊಂಡಿದ್ದರು. ನಾಲ್ಕನೇ ಬದಿ ಪೂರ್ತಿ ಒಂದೇ ಹಾಡು, ವಿಪ್ಪಿಂಗ್ ಪೋಸ್ಟ್, ಇಪ್ಪತ್ಮೂರು ನಿಮಿಷ. ಸೂಜಿ ಇಳಿಸಿದ ಕೂಡಲೇ ಬಾಸ್ ಗಿಟಾರು ಒಂದೇ ಶುರು ಮಾಡುತ್ತೆ. ಆಗ ತೊಡೆ ತಟ್ಟಿಕೊಂಡು ಹೇಳಿ ನೋಡಿ: ತಕಿಟ ತಕಿಟ ತಕಿಟ ತಕ. ಹನ್ನೊಂದು! ಅಮೆರಿಕದ ರಾಕ್‌ನಲ್ಲಿ ಅಪರೂಪ. ಹಾಡು ಬರೆದ ಗ್ರೆಗ್ ಆಲ್‌ಮನ್ ಅವರಿಗೇ ಅದು ಹನ್ನೊಂದು ಅಂತ ಗೊತ್ತಿರಲಿಲ್ಲವಂತೆ. ಮೂರರ ಮೂರು ಗುಂಪು, ಮುಂದಕ್ಕೆ ಹಾರೋಕೆ ಎರಡು ಅಂತಷ್ಟೇ ತೋಚಿತ್ತು. ಅಣ್ಣ ಡ್ವೇನ್ ಎಣಿಸಿ ಹೇಳಿದ ಮೇಲೆಯೇ ಗೊತ್ತಾಗಿದ್ದು. ಕೊನ್ನಕೋಲ್ ಕೇಳಿದ ನಮಗೆ ಮೊದಲ ಸಲಕ್ಕೇ ಸಿಗುತ್ತೆ. ನನ್ನ ಮಗಳಿಗೆ ಎಂಟು ವರ್ಷ ಇದ್ದಾಗ ಸೋಫಾ ಮೇಲೆ ಕೂತು ಹೇಳ್ತಾ ಹೇಳ್ತಾ ಸರಿಯಾಗಿ ಸಮಕ್ಕೆ ಬಂದಳು, ನನಗೆ ಎದ್ದು ನಿಂತು ಚಪ್ಪಾಳೆ ಹೊಡೀಬೇಕು ಅನ್ನಿಸಿತು.

ಆ ಬದಿಯ ಕೊನೆಯಲ್ಲಿ ಹಾಡು ಮುಗಿದು ಚಪ್ಪಾಳೆಯ ನಡುವೆಯೇ ದೊಡ್ಡ ತಾಳವಾದ್ಯ ಇನ್ನೊಂದು ಹಾಡಿಗೆ ಶುರುವಿಟ್ಟುಕೊಳ್ಳುತ್ತೆ. ಅಷ್ಟರಲ್ಲಿ ಸದ್ದು ಕರಗಿ ಹೋಗುತ್ತೆ, ಸೂಜಿ ಒಳಸುತ್ತಿನಲ್ಲಿ ಟಕ್ ಟಕ್ ಅನ್ನುತ್ತೆ. ಆ ಹಾಡಿನ ಮುಂದಿನ ಭಾಗ ರೆಕಾರ್ಡಾಗಿ ಬಂದದ್ದು 1972ರಲ್ಲಿ, ಬೇರೆ ಆಲ್ಬಮ್‌ನಲ್ಲಿ. ಅಷ್ಟು ಹೊತ್ತಿಗೆ ಡ್ವೇನ್ ಇರಲಿಲ್ಲ. 1971ರ ಅಕ್ಟೋಬರ್ 29ರಂದು ಮೋಟಾರ್ ಸೈಕಲ್ ಅಪಘಾತದಲ್ಲಿ ಹೋಗಿಬಿಟ್ಟರು, ಇಪ್ಪತ್ನಾಲ್ಕು ವರ್ಷಕ್ಕೇ.

ನನಗೆ ಈ ಮೂರೂ ಒಂದೇ ಕಾರಣಕ್ಕೆ ಹಿಡಿಸಿದ್ದು. ಮೂವತ್ತೆರಡು ಬಾರ್, ಹನ್ನೊಂದು ಮಾತ್ರೆ, ಇಪ್ಪತ್ತೇಳು ಔಟು, ಇವೆಲ್ಲ ಮೊದಲೇ ಗೊತ್ತು, ದಿನಾ ಅದೇ. ಅದರೊಳಗೆ ಇವತ್ತು ಡ್ಯಾನ್ ಜಾನ್ಸನ್ ಏನು ಮಾಡ್ತಾನೆ ಅನ್ನೋದು ಮಾತ್ರ ಅವನಿಗೂ ಗೊತ್ತಿಲ್ಲ. ಪಲ್ಲವಿಯ ಸಾಲು ಒಂದೇ ಆದರೂ ನೆರವಲ್ ಕೇಳೋಕೆ ಮತ್ತೆ ಮತ್ತೆ ಕಛೇರಿಗೆ ಹೋಗ್ತೀವಲ್ಲ, ಅದೇ.

ಇನ್ನು ನೀವು ಮಾಡಬೇಕಾದ್ದು. ಈ ವಾರ ಒಂದು ರಾತ್ರಿ ಫೆನ್‌ವೇಗೆ ಹೋಗಿ, ಸಿಗೋ ಅತಿ ಅಗ್ಗದ ಸೀಟು ಸಾಕು, ಸ್ವೆಟರ್ ಮರೆಯಬೇಡಿ. ಎಡಗಡೆ ಮೂವತ್ತೇಳು ಅಡಿ ಎತ್ತರದ ಹಸಿರು ಗೋಡೆ ಇದೆ, ಅದರ ಬುಡದಲ್ಲಿ ಇನ್ನೂ ಕೈಯಿಂದಲೇ ಅಂಕಿ ಬದಲಾಯಿಸೋ ಸ್ಕೋರ್‌ಬೋರ್ಡು. ಬೇರೆ ಊರಿನ ಪಂದ್ಯಗಳ ಸ್ಕೋರೂ ಅಲ್ಲೇ ಬರುತ್ತೆ. ಗೋಡೆಯ ಹಿಂದಿನಿಂದ ಒಂದು ಕೈ ಹಳೆಯ ಅಂಕಿ ತೆಗೆದು ಹೊಸದು ಇಡುತ್ತೆ, ಎದುರಿಗೆ ಆಟದಲ್ಲಿ ಏನೂ ಆಗದಿದ್ದರೂ ಜನ ಇದ್ದಕ್ಕಿದ್ದ ಹಾಗೆ ಹೋ ಅನ್ನುತ್ತಾರೆ. ಸೆಪ್ಟೆಂಬರ್ ಅಂದರೆ ಅದು. ಪಂದ್ಯ ಬೇಗ ಮುಗಿದರೆ ಮ್ಯಾಸಚೂಸೆಟ್ಸ್ ಅವೆನ್ಯೂ ಹಿಡಿದು ವಾಲೀಸ್ ಕಡೆ ನಡೀರಿ. 1947ರಲ್ಲಿ ಶುರುವಾದ ಪುಟ್ಟ ಜಾಝ್ ಜಾಗ, ಅಲ್ಲಿ ನುಡಿಸೋರಲ್ಲಿ ಬರ್ಕ್ಲಿ ಸಂಗೀತ ಕಾಲೇಜಿನ ಹುಡುಗ ಹುಡುಗಿಯರು ಬಹಳ.

ಸೀಸನ್ನಿನ ಕೊನೆಯ ಭಾನುವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಈಗೀಗ ಆ ದಿನ ಎಲ್ಲ ಪಂದ್ಯಗಳನ್ನೂ ನಮ್ಮ ಮಧ್ಯಾಹ್ನ ಮೂರರ ಸುಮಾರಿಗೆ ಒಟ್ಟಿಗೆ ಶುರು ಮಾಡ್ತಾರೆ. ಟಿವಿ ಒಂದರಲ್ಲಿ, ರೇಡಿಯೋ ಇನ್ನೊಂದರಲ್ಲಿ ಇಟ್ಟುಕೊಳ್ಳಿ. ಮುಗಿದ ಮೇಲೆ ಫಿಲ್‌ಮೋರ್ ನಾಲ್ಕನೇ ಬದಿ. ನಿಮ್ಮ ಹತ್ತಿರ ಟರ್ನ್‌ಟೇಬಲ್ ಇಲ್ಲದಿದ್ದರೆ ಮೆಸೇಜ್ ಮಾಡಿ, ನಮ್ಮ ಮನೆಗೆ ಬನ್ನಿ.