“ನನಗೆ ದೈವಕರೆ ಇರಲೇ ಇಲ್ಲವೇನೋ”: ತಾಂಜಾನಿಯಾದಲ್ಲಿ ಮೊದಲ ಎಂಟು ದಿನ

ಕರಾವಳಿಯ ಧರ್ಮಭಗಿನಿ, ವಯಸ್ಸು ಮೂವತ್ತರ ಆಸುಪಾಸು, ನರ್ಸಿಂಗ್ ಕಲಿತವರು. ತಾಂಜಾನಿಯಾದ ಮೊರೊಗೊರೊ ಸೀಮೆಯ ಹಳ್ಳಿಯೊಂದರ ಕಾನ್ವೆಂಟಿಗೆ ಡಿಸ್ಪೆನ್ಸರಿ ಸೇವೆಗೆಂದು ಹೋಗಿ ಎಂಟನೆಯ ದಿನ ವಿಡಿಯೊ ಕರೆಯಲ್ಲಿ ಆಪ್ತಸಲಹೆಗಾರರಾದ ನಮ್ಮಲ್ಲಿ ಸಲಹೆ ಕೇಳಿದರು. ಒಂದೇ ಬಗೆಯ ಕೆಲವು ಪ್ರಕರಣಗಳ ವಿವರಗಳನ್ನು ಸೇರಿಸಿ, ಗುರುತು ಸಿಗದಂತೆ ಬದಲಿಸಿ ಇಲ್ಲಿ ಬರೆದಿದೆ. ಅವರನ್ನು ಸಿಸ್ಟರ್ ಎಂದಷ್ಟೇ ಕರೆದಿದೆ.

ಅವರ ಮೊದಲ ಮಾತು: “ನನಗೆ ಕರೆ ಇರಲೇ ಇಲ್ಲವೇನೋ ಅನ್ನಿಸ್ತಾ ಉಂಟು. ಬಂದದ್ದೇ ತಪ್ಪಾಯ್ತಾ ಅಂತ.” (ಕರೆ ಅಂದರೆ ಇಲ್ಲಿ, ಧರ್ಮಭಗಿನಿಯಾಗಿ ಬಾಳಲು ದೇವರು ಕೊಡುವ ಕರೆ.) ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಪ್ರಾರ್ಥನೆಗೆ ಕೂತರೆ ಅಳು ಬರುತ್ತದೆ, ಜನ ತನ್ನನ್ನು ದೂರ ಇಟ್ಟಿದ್ದಾರೆ. ಹಿಂದಿರುಗಲು ಅನುಮತಿ ಕೇಳಿ ತಮ್ಮ ಧರ್ಮಸಂಸ್ಥೆಯ ಪ್ರಾಂತಾಧಿಕಾರಿಗೆ ಪತ್ರವನ್ನೂ ಬರೆದಿಟ್ಟಿದ್ದರು. ಇನ್ನೂ ಕಳಿಸಿರಲಿಲ್ಲ.

ಮೊದಲ ವಾರದಲ್ಲಿ ಇಂಥ ಮಾತು ಕೇಳಿದ ಕೂಡಲೇ ದೈವಕರೆಯ ಬಗ್ಗೆಯೇ ಚರ್ಚೆಗೆ ಇಳಿಯುವುದು ತಪ್ಪು. ನಿದ್ದೆಗೆಟ್ಟು, ಅರೆಹೊಟ್ಟೆಯಲ್ಲಿರುವ ಮನಸ್ಸು ತನ್ನ ಜೀವನದ ಅತಿ ದೊಡ್ಡ ಪ್ರಶ್ನೆಗೆ ಕೊಡುವ ಉತ್ತರವನ್ನು ನಂಬುವಂತಿಲ್ಲ. ಆದ್ದರಿಂದ ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ನಿನ್ನೆ ಏನೇನು ತಿಂದಿರಿ, ಹೊಟ್ಟೆ ಹೇಗಿದೆ, ಯಾವ ಮಾತ್ರೆ ನುಂಗುತ್ತಿದ್ದೀರಿ, ಫೋನು ಎಷ್ಟು ಹೊತ್ತಿಗೆ ಬರುತ್ತದೆ ಎಂದು.

ಎಚ್ಚರವಾಗುತ್ತಿದ್ದುದು ನಸುಕಿನ ಎರಡೂವರೆಗೆ. ಇದರಲ್ಲಿ ಒಂದು ಪಾಲು ಸರಳ ಲೆಕ್ಕ: ತಾಂಜಾನಿಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಊರಿನ ಕಾನ್ವೆಂಟಿನಲ್ಲಿ ವರ್ಷಗಟ್ಟಲೆ ಐದಕ್ಕೆ ಏಳುತ್ತಿದ್ದ ದೇಹ ಅಲ್ಲಿ ಎರಡೂವರೆಗೇ ಏಳುತ್ತದೆ. ಆದರೆ ಅದು ಮೂರು ನಾಲ್ಕು ದಿನದಲ್ಲಿ ಸರಿಹೋಗಬೇಕು. ಎಂಟನೆಯ ದಿನಕ್ಕೂ ಹಾಗೇ ಇದ್ದರೆ ಬೇರೇನೋ ಸೇರಿಕೊಂಡಿದೆ ಎಂದೇ ಅರ್ಥ. ಕನಸಿನ ಬಗ್ಗೆ ಕೇಳಿದಾಗ ಅದು ಹೊರಬಂತು. ಎಚ್ಚರವಾದ ಮೇಲೂ ಬಿಡದಂಥ, ಬಣ್ಣ ವಾಸನೆ ಸಮೇತ ಕಾಣುವ ಕೆಟ್ಟ ಕನಸು. ಯಾವಾಗಿನಿಂದ ಎಂದರೆ, ಹೊರಡುವುದಕ್ಕೆ ಒಂದು ವಾರ ಮೊದಲೇ, ಮಂಗಳೂರಿನಲ್ಲಿದ್ದಾಗಲೇ.

ಮಲೇರಿಯಾ ತಡೆಗೆ ಅವರು ವಾರಕ್ಕೊಂದು ಮಾತ್ರೆ ನುಂಗುತ್ತಿದ್ದರು: ಮೆಫ್ಲೊಕ್ವಿನ್, 250 ಮಿಲಿಗ್ರಾಂ, ಪ್ರತಿ ಭಾನುವಾರ. ದೀರ್ಘಕಾಲ ಮಲೇರಿಯಾ ಪ್ರದೇಶಕ್ಕೆ ಹೋಗುವವರಿಗೆ ನಮ್ಮಲ್ಲಿ ವೈದ್ಯರು ಬರೆದುಕೊಡುವ ಮಾತ್ರೆಯೇ ಅದು. ಹೊರಡುವ ಎರಡು ವಾರ ಮೊದಲೇ ಶುರುಮಾಡಬೇಕು. ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಮಾತ್ರ ಭಯಾನಕ ಕನಸು, ನಿದ್ರಾಹೀನತೆ, ಕಾರಣವಿಲ್ಲದ ಆತಂಕ, ಖಿನ್ನತೆ, ತಲೆಸುತ್ತು ತರುತ್ತದೆ, ಅದೂ ಹೆಚ್ಚಾಗಿ ಮೊದಲ ಮೂರು ಡೋಸಿನೊಳಗೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗೆ ತನ್ನ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದು ಇದಕ್ಕೇ. ಫಿಟ್ಸ್ ಅಥವಾ ಮಾನಸಿಕ ಕಾಯಿಲೆ ಹಿಂದೆ ಬಂದಿದ್ದವರಿಗೆ ಇದನ್ನು ಕೊಡುವಂತೆಯೇ ಇಲ್ಲ. ಸಿಸ್ಟರ್ ನಾಲ್ಕನೆಯ ಡೋಸ್ ಮುಗಿಸಿದ್ದರು. ಸ್ವತಃ ನರ್ಸ್ ಆಗಿದ್ದರೂ ಅವರಿಗೆ ಮಾತ್ರೆಯ ಮೇಲೆ ಅನುಮಾನ ಬಂದಿರಲಿಲ್ಲ. ಕೆಟ್ಟ ಕನಸಿಗೆ ಪಯಣದ ಭಯವೇ ಕಾರಣ, ಭಯಕ್ಕೆ ವಿಶ್ವಾಸದ ಕೊರತೆಯೇ ಕಾರಣ ಎಂದು ತಮ್ಮನ್ನೇ ದೂರಿಕೊಂಡಿದ್ದರು. ಇದು ಮನಸ್ಸಿಗೆ ನೋವು ತರುವ ಸಂಗತಿ.

ಆಪ್ತಸಲಹೆಗಾರರು ಮಾತ್ರೆ ಬದಲಿಸುವಂತಿಲ್ಲ. ಹಾಗೆಂದು ಆ ಸಂಬಂಧವನ್ನು ಎತ್ತಿ ತೋರಿಸದೆ ಬಿಡುವಂತೆಯೂ ಇಲ್ಲ. ಅದೇ ದಿನ ಕಾನ್ವೆಂಟಿನ ಮುಖ್ಯಸ್ಥೆ ಸುಪೀರಿಯರ್ ಜತೆ ಹತ್ತಿರದ ಮಿಷನ್ ಆಸ್ಪತ್ರೆಯ ವೈದ್ಯರನ್ನು ಕಾಣಲು ಹೇಳಿದೆವು, ಕನಸು ಶುರುವಾದ ದಿನ ಮತ್ತು ಡೋಸಿನ ದಿನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲು ಹೇಳಿದೆವು. ವೈದ್ಯರು ಮೆಫ್ಲೊಕ್ವಿನ್ ನಿಲ್ಲಿಸಿ, ಅದರ ಬದಲಿಗೆ ದಿನಕ್ಕೊಂದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಕೊಟ್ಟರು. ಅದಕ್ಕೂ ತನ್ನದೇ ನಿಯಮಗಳಿವೆ: ಊಟದ ಜತೆ, ತುಂಬಿದ ಲೋಟ ನೀರಿನಲ್ಲಿ ನುಂಗಬೇಕು, ಅರ್ಧ ಗಂಟೆಯಾದರೂ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಹಾಲು, ಕಬ್ಬಿಣದ ಮಾತ್ರೆ ಜತೆಗೆ ಬೇಡ, ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಇನ್ನೊಂದನ್ನು ಮುಂಚೆಯೇ ಹೇಳಿಡುವುದು ಮುಖ್ಯ. ಮೆಫ್ಲೊಕ್ವಿನ್ ದೇಹದಿಂದ ಹೋಗಲು ವಾರಗಳೇ ಬೇಕು. ನಾಳೆಯೇ ಕನಸು ನಿಲ್ಲುತ್ತದೆ ಎಂದು ಕಾದು ಕೂತರೆ ಮತ್ತೆ ನಿರಾಶೆ.

ತಡೆಮಾತ್ರೆಯನ್ನು ತಾನಾಗಿಯೇ ಬಿಟ್ಟು ಸುಮ್ಮನಿರುವುದು ಮಾತ್ರ ಯಾರಿಗೂ ಸಲ್ಲದು. ಆ ದೇಶದ ಬಗಮೊಯೊದಲ್ಲಿ 1868ರಲ್ಲಿ ಶುರುವಾದ ಕ್ಯಾಥೊಲಿಕ್ ಮಿಷನ್ನಿನ ಸಮಾಧಿಭೂಮಿಯಲ್ಲಿ ಎಳೆಯ ವಯಸ್ಸಿಗೇ ಜ್ವರಕ್ಕೆ ತುತ್ತಾದ ಮಿಷನರಿಗಳು ಮಲಗಿದ್ದಾರೆ. ಸೊಳ್ಳೆ ಕಚ್ಚಿ ಜ್ವರ ಬರಲು ಸಾಮಾನ್ಯವಾಗಿ ಏಳು ದಿನವಾದರೂ ಬೇಕು. ಹಾಗಾಗಿ ಎರಡನೆಯ ವಾರದಿಂದ ಬರುವ ಯಾವ ಜ್ವರಕ್ಕೂ ಅದೇ ದಿನ ರಕ್ತ ಪರೀಕ್ಷೆ, ಮಾತ್ರೆ ನುಂಗುತ್ತಿದ್ದರೂ. ಔಷಧ ಲೇಪಿಸಿದ ಹೊಸ ಸೊಳ್ಳೆಪರದೆಯನ್ನು ಒಂದು ದಿನ ನೆರಳಿನಲ್ಲಿ ಹರವಿ, ಆಮೇಲೆ ಕಟ್ಟಿ, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಬೇಕು. ಸಿಸ್ಟರ್ ಮಲಗುತ್ತಿದ್ದ ಪರದೆಯ ಅಂಚು ನೆಲಕ್ಕೆ ಜೋತಾಡುತ್ತಿತ್ತು.

“ಜನ ದೂರ ಇಟ್ಟಿದ್ದಾರೆ” ಎಂಬುದಕ್ಕೆ ಎರಡು ಘಟನೆ ಹೇಳಿದರು. ಎರಡೂ ಭಾಷೆಯವು.

ಒಂದು, ವಾಹನದ್ದು. ಮೂರನೆಯ ದಿನ ಪೇಟೆಗೆ ಕರೆದೊಯ್ಯುವ ಗಾಡಿ “ಸಾ ಟೀಸಾ”ಕ್ಕೆ ಎಂದು ಸಂದೇಶ ಬಂತು. ಟೀಸಾ ಎಂದರೆ ಒಂಬತ್ತು. ಒಂಬತ್ತಕ್ಕೆ ಚೀಲ ಹಿಡಿದು ಗೇಟಿನಲ್ಲಿ ನಿಂತರು. ಗಾಡಿ ಬಂದದ್ದು ಮಧ್ಯಾಹ್ನ ಮೂರಕ್ಕೆ. ತನ್ನನ್ನು ಮರೆತೇಬಿಟ್ಟರು ಎಂದು ಆ ಆರು ಗಂಟೆ ಅವರು ಕೊರಗಿದರು. ಯಾರೂ ಮರೆತಿರಲಿಲ್ಲ. ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ, ನಮ್ಮ ಮೂರು ಅವರಿಗೆ ಒಂಬತ್ತು. ಮುಳ್ಳಿನ ಗಡಿಯಾರದಲ್ಲಿ ಅವರು ಹೇಳಿದ ಅಂಕಿಗೆ ನೇರ ಎದುರಿನ ಅಂಕಿ ನೋಡಿದರೆ ಸಾಕು, ಲೆಕ್ಕ ಸಿಕ್ಕಿತು. ಫೋನಿನ ಗಡಿಯಾರಕ್ಕಿಂತ ಗೋಡೆ ಗಡಿಯಾರ ಇಲ್ಲಿ ಹೆಚ್ಚು ಉಪಕಾರಿ. ಇಂಗ್ಲಿಷಿನಲ್ಲಿ ಹೇಳುವಾಗ ಅದೇ ಜನ ನಮ್ಮ ಎಣಿಕೆಯನ್ನೇ ಬಳಸುತ್ತಾರೆ, ಆದ್ದರಿಂದ “ಅಸುಬುಹಿಯಾ, ಮ್ಚಾನಾವಾ?”, ಅಂದರೆ ಬೆಳಿಗ್ಗೆಯಾ ಮಧ್ಯಾಹ್ನವಾ, ಎಂದು ಪ್ರತಿ ಸಲ ಕೇಳಿಕೊಳ್ಳಬೇಕು.

ಎರಡನೆಯದು ಇನ್ನೂ ಆಳಕ್ಕೆ ತಾಗಿತ್ತು. ದಾರಿಯಲ್ಲಿ ಮಕ್ಕಳು “ಶಿಕಮೂ, ಸಿಸ್ತಾ” ಎನ್ನುತ್ತಿದ್ದರು. ಸಿಸ್ಟರ್ ನಕ್ಕು ಮುಂದೆ ಹೋಗುತ್ತಿದ್ದರು. ಐದನೆಯ ದಿನದ ಹೊತ್ತಿಗೆ ಮಕ್ಕಳು ಹೇಳುವುದನ್ನೇ ನಿಲ್ಲಿಸಿದರು. ಶಿಕಮೂ ಎಂಬುದು ಹಿರಿಯರಿಗೆ ಸಲ್ಲಿಸುವ ವಂದನೆ, ಅದಕ್ಕೆ “ಮರಹಬಾ” ಎಂದು ಉತ್ತರಿಸಲೇಬೇಕು. ಉತ್ತರಿಸದೆ ನಕ್ಕರೆ, ನಮ್ಮಲ್ಲಿ ಕಾಲಿಗೆರಗಿದ ಮಗುವಿನ ತಲೆ ಮುಟ್ಟದೆ ಹೋದ ಹಾಗೆ. ತಿರುಗಿ ಶಿಕಮೂ ಎಂದರೂ ತಪ್ಪು. ಇತ್ತ, ಅಡುಗೆಮನೆಯ ವಯಸ್ಸಾದ ಮಾಮಾಗೆ ಸಿಸ್ಟರೇ ಮೊದಲು ಶಿಕಮೂ ಹೇಳಬೇಕಿತ್ತು. ಒಂದು ದಿನವೂ ಹೇಳಿರಲಿಲ್ಲ. (ಮಾಮಾ ಅಂದರೆ ಅಲ್ಲಿ ತಾಯಿ.) ಡಿಸ್ಪೆನ್ಸರಿಯಲ್ಲೂ ಇದೇ ಕಥೆ. ರೋಗಿ ಕೂತ ಕೂಡಲೇ “ಏನು ತೊಂದರೆ?” ಎಂದು ಕೇಳುವುದು ನಮ್ಮ ನರ್ಸುಗಳ ಅಭ್ಯಾಸ. ಅಲ್ಲಿ ಮನೆಯವರ ಕ್ಷೇಮ, ಬೆಳಗಿನ ಕ್ಷೇಮ ಕೇಳಬೇಕು. ಜ್ವರದಲ್ಲಿ ನಡುಗುತ್ತಿರುವವರೂ ಮೊದಲು “ಎನ್‌ಜೂರಿ”, ಚೆನ್ನಾಗಿದ್ದೇನೆ, ಎನ್ನುತ್ತಾರೆ. ಅದಾದ ಮೇಲೇ ಕಾಯಿಲೆಯ ಮಾತು. ಅರ್ಧ ನಿಮಿಷದ ಈ ಕ್ಷೇಮಸಮಾಚಾರ ಬಿಟ್ಟರೆ ರೋಗಿ ಬಾಯಿ ಬಿಡುವುದಿಲ್ಲ.

ಇದಕ್ಕೆ ಕೊಟ್ಟ ಅಭ್ಯಾಸ: ದಿನಕ್ಕೆ ಹತ್ತು ಜನಕ್ಕೆ ಪೂರ್ತಿ ವಂದನೆ, ಅದರಲ್ಲಿ ಮೂವರಾದರೂ ತಮಗಿಂತ ಹಿರಿಯರು, ಮೊದಲನೆಯದು ಅಡುಗೆಮನೆಯ ಮಾಮಾಗೆ. ವ್ಯಾಕರಣ ಪುಸ್ತಕ ಒಂದು ತಿಂಗಳು ಕಪಾಟಿನಲ್ಲಿರಲಿ. ಪರಿಚಿತ ಶಬ್ದಗಳ ಪಟ್ಟಿ ಮಾಡಲೂ ಹೇಳಿದೆವು, ಪರಭಾಷೆಯ ಭಯ ಇಳಿಸಲು ಅದು ಒಳ್ಳೆಯ ಉಪಾಯ. ಬಂದರಿಗೆ ಅಲ್ಲಿ ಬಂದಾರಿ, ಬಣ್ಣಕ್ಕೆ ರಂಗಿ, ಲೇಖನಿಗೆ ಕಲಾಮು, ಉಪ್ಪಿನಕಾಯಿಗೆ ಅಚಾರಿ, ಚಪಾತಿಗೆ ಚಪಾತಿಯೇ. ಮಂಗಳೂರಿನವರಿಗೆ ಬಂದರು ಹೊಸದೇ?

ಊಟದ ವಿಷಯ. ಘಟ್ಟದ ಮೇಲಿನವರಾಗಿದ್ದರೆ ಉಗಾಲಿ ಕಂಡು ಮುದ್ದೆಯ ನೆನಪಾದರೂ ಆಗುತ್ತಿತ್ತು. ಇವರು ಕುಚ್ಚಲಕ್ಕಿ ಗಂಜಿಯವರು. ಮೆಕ್ಕೆಜೋಳದ ಹಿಟ್ಟಿನ ಆ ಗಟ್ಟಿ ಮುದ್ದೆಯನ್ನು ಅವರು ಅನ್ನದಂತೆ ಪಲ್ಯಕ್ಕೆ ಕಲಸಲು ಹೋಗಿ, ಅದು ಕಲಸದೆ, ತಟ್ಟೆಯಲ್ಲೇ ಬಿಡುತ್ತಿದ್ದರು. ಅದನ್ನು ನಿಂಬೆಗಾತ್ರ ಚಿವುಟಿ, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಆ ಗುಳಿಯಲ್ಲಿ ಸೊಪ್ಪನ್ನೋ ಬೀನ್ಸ್ ಕಾಳಿನ ಸಾರನ್ನೋ ತುಂಬಿಕೊಂಡು ಅಗಿದು ತಿನ್ನಬೇಕು. ರಾಗಿಮುದ್ದೆಯ ಹಾಗೆ ನುಂಗುವುದಲ್ಲ. ಬಿಳಿ ಸೆಂಬೆ ಹಿಟ್ಟಿನದ್ದಾದರೆ ಮಲಬದ್ಧತೆ ಸಹಜ, ತೌಡುಸಹಿತ ದೋನಾ ಹಿಟ್ಟು ಕೇಳಿ ಪಡೆಯಬಹುದು. ಜತೆಗೆ ಮ್ಚಿಚಾ ಸೊಪ್ಪು. ಅದು ಬೇರೇನಲ್ಲ, ನಮ್ಮ ಹರಿವೆಯೇ. ಮನೆಯಿಂದ ತಂದ ಚಟ್ನಿಪುಡಿಯನ್ನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಿದ್ದರು. ಆ ಡಬ್ಬಿ ಊಟದ ಮೇಜಿನ ಮೇಲೆ ಬರಬೇಕು, ಎಲ್ಲರ ಕೈಗೂ ಹೋಗಬೇಕು ಎಂದೆವು. ಬೇಗ ಖಾಲಿಯಾಗುತ್ತದೆ, ಆಗಲಿ.

ಒಳಉಡುಪಿಗೂ ಇಸ್ತ್ರಿ ಹಾಕಬೇಕು ಎಂದು ಸುಪೀರಿಯರ್ ಹೇಳಿದ್ದು ಅವರಿಗೆ ಅವಮಾನವಾಗಿ ಕಂಡಿತ್ತು. ಅದು ಶಿಸ್ತಿನ ದರ್ಪವಲ್ಲ. ಅಲ್ಲಿ ಒಂದು ಜಾತಿಯ ನೊಣ ಹೊರಗೆ ಒಣಹಾಕಿದ ಒದ್ದೆ ಬಟ್ಟೆಯಲ್ಲಿ ಮೊಟ್ಟೆಯಿಡುತ್ತದೆ, ಮರಿ ಚರ್ಮ ಹೊಕ್ಕು ಕುರುವಿನಂತೆ ಊದುತ್ತದೆ. ಹೊಲಿಗೆ, ಎಲಾಸ್ಟಿಕ್ ಬಿಡದೆ ಎರಡೂ ಬದಿಗೆ ಬಿಸಿ ತಾಗಿಸಬೇಕು. ಕರೆಂಟಿಲ್ಲದ ದಿನ ಬಟ್ಟೆ ಒಳಗೇ ಒಣಗಲಿ.

ಇನ್ನು ಫೋನು. ತಾಯಿ ಪ್ರತಿರಾತ್ರಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿಸಿ ಒಂಬತ್ತಕ್ಕೆ ಕರೆಮಾಡುತ್ತಿದ್ದರು. ಅಲ್ಲಿ ಆಗ ಸಂಜೆ ಆರೂವರೆ: ಸೂರ್ಯ ಮುಳುಗುವ ಹೊತ್ತು, ಮನೆಯ ಸಿಸ್ಟರುಗಳೆಲ್ಲ ಪ್ರಾರ್ಥನೆಗೆ, ಆಮೇಲೆ ಅಡುಗೆಮನೆಗೆ ಒಟ್ಟಾಗುವ ಹೊತ್ತು. ಎಂಟು ದಿನವೂ ಆ ಹೊತ್ತಿನಲ್ಲಿ ಇವರೊಬ್ಬರು ಜಗಲಿಯಲ್ಲಿ ಫೋನು ಹಿಡಿದು ಅಳುತ್ತಿದ್ದರು. ಅವರ ಒಪ್ಪಿಗೆ ಪಡೆದು ತಾಯಿಯೊಂದಿಗೂ ಮಾತಾಡಿದೆವು. “ಅಮ್ಮಾ, ನೀವು ಮಾತಾಡುವುದು ಬೇಡ ಅಂತಲ್ಲ. ಬುಧವಾರ, ಭಾನುವಾರ, ನಮ್ಮ ಸಂಜೆ ಐದಕ್ಕೆ ಮಾಡಿ, ಅಲ್ಲಿ ಎರಡೂವರೆ, ಬಿಡುವಿರುತ್ತದೆ. ಅನ್ನ ಸಿಗ್ತದಾ ಅಂತ ಕೇಳುವ ಬದಲು ಇವತ್ತು ಯಾರ ಹತ್ತಿರ ಮಾತಾಡಿದೆ ಅಂತ ಕೇಳಿ.” ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಉಳಿದ ದಿನ ಮೂವತ್ತು ಸೆಕೆಂಡಿನ ಧ್ವನಿಸಂದೇಶ.

ನಸುಕಿನಲ್ಲಿ ಎಚ್ಚರವಾದರೆ ಫೋನು ಮುಟ್ಟದೆ, ಪರದೆಯೊಳಗೇ ಮಲಗಿರುವುದು. ಸಂಜೆ ಐದರಿಂದ ಬೆಳಕಿನಲ್ಲಿ ಅರ್ಧ ಗಂಟೆ ನಡಿಗೆ. ಒಂಬತ್ತೂವರೆಗೆ ಮುಂಚೆ ಹಾಸಿಗೆಗೆ ಹೋಗದಿರುವುದು. ಹಿಂದಿರುಗುವ ಪತ್ರವನ್ನು ಹರಿಯಲು ಹೇಳಲಿಲ್ಲ. ಲಕೋಟೆಗೆ ಹಾಕಿ, ಮೂರು ತಿಂಗಳ ನಂತರದ ದಿನಾಂಕ ಬರೆದು ಸುಪೀರಿಯರ್ ಕೈಯಲ್ಲಿ ಕೊಡಲು ಹೇಳಿದೆವು. ಆ ಅನುಮಾನಕ್ಕೂ ಮರ್ಯಾದೆ ಸಲ್ಲಬೇಕು, ಆದರೆ ಅದರ ಸರದಿ ಬಂದಾಗ. ಇಲ್ಲದ್ದು ಕಾಣುವುದು, ಧ್ವನಿ ಕೇಳಿಸುವುದು, ಸಾಯುವ ಯೋಚನೆ, ಎದೆಬಡಿತ ಏರುಪೇರು, ಎರಡು ದಿನ ಊಟವೇ ಇಲ್ಲದಿರುವುದು ಇವುಗಳಲ್ಲಿ ಒಂದು ಕಂಡರೂ ನಮ್ಮ ಕರೆಗೆ ಕಾಯದೆ ಅದೇ ಗಂಟೆ ಆಸ್ಪತ್ರೆಗೆ ಎಂದು ಸುಪೀರಿಯರ್‌ಗೂ ಬರೆದುಕೊಟ್ಟೆವು.

ನಾಲ್ಕನೆಯ ವಾರದ ಕರೆ: ನಿದ್ದೆ ಐದೂವರೆಯಿಂದ ಆರು ಗಂಟೆ. ಕೆಟ್ಟ ಕನಸು ವಾರಕ್ಕೊಮ್ಮೆ, ಬಣ್ಣ ಕಡಿಮೆ. ಉಗಾಲಿ ಇನ್ನೂ ಅರ್ಧ ಪಾಲೇ. ಚಟ್ನಿಪುಡಿ ಮುಗಿದಿದೆ, ಅಡುಗೆಮನೆಯ ಮಾಮಾ ಒಣಮೆಣಸಿನಲ್ಲಿ ಅಂಥದ್ದೊಂದು ಕುಟ್ಟಲು ನೋಡುತ್ತಿದ್ದಾರೆ. ಮಾತಿನ ನಡುವೆ ಕಿಟಕಿಯ ಹೊರಗಿನಿಂದ ಮಗುವೊಂದು ಕೂಗಿತು. ಸಿಸ್ಟರ್ ತಿರುಗಿ “ಮರಹಬಾ” ಎಂದು, ಬಿಟ್ಟಲ್ಲಿಂದಲೇ ಮಾತು ಮುಂದುವರಿಸಿದರು. ಲಕೋಟೆಯ ವಿಷಯ ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಅದಕ್ಕೆ ಇನ್ನೂ ಎರಡು ತಿಂಗಳಿದೆ.