ವಯಸ್ಕರ ಆರೋಗ್ಯದ ವಿಷಯದಲ್ಲಿ ಸರ್ಕಾರ ಎಲ್ಲಿಯವರೆಗೆ ಕೈಹಾಕಬಹುದು?

ಸಿಗರೇಟು, ಮದ್ಯ, ಉಪ್ಪು, ಲಸಿಕೆ ಎಲ್ಲಕ್ಕೂ ಸರ್ಕಾರ ನಿಯಮ ಮಾಡುತ್ತ ಹೋದರೆ ವಯಸ್ಸಿಗೆ ಬಂದ ಮನುಷ್ಯನಿಗೆ ತನ್ನ ದೇಹದ ಮೇಲೆ ಉಳಿಯುವ ಹಕ್ಕಾದರೂ ಯಾವುದು ಎಂದು ನೀವು ಕೇಳಿದ್ದೀರಿ. ನಾನು ವೈದ್ಯನಲ್ಲ, ವಕೀಲನೂ ಅಲ್ಲ; ಕೊಡಗಿನ ಪೊನ್ನಂಪೇಟೆಯ ಕಡೆ ಸಣ್ಣದೊಂದು ಕಾಫಿ ತೋಟ ನೋಡಿಕೊಂಡಿರುವವನು. ನನ್ನ ಮಟ್ಟಿಗೆ ಇಂತಹ ಯಾವ ನಿಯಮವನ್ನು ನೋಡಿದರೂ ಮೊದಲು ಕೇಳಿಕೊಳ್ಳಬೇಕಾದದ್ದು, ಅದು ಕಟ್ಟಿಹಾಕುತ್ತಿರುವುದು ಮಾರುವವನನ್ನೋ, ಬಳಸುವವನ ಮೈಯನ್ನೋ ಎಂಬುದನ್ನು. ಮೊದಲನೆಯದಕ್ಕೆ ಸಾಧಾರಣ ಕಾರಣವಿದ್ದರೂ ನಾನು ಒಪ್ಪುತ್ತೇನೆ. ಎರಡನೆಯದಕ್ಕೆ ಸರ್ಕಾರ ಬಹಳ ಗಟ್ಟಿಯಾದ ಕಾರಣ ಕೊಡಬೇಕು.

ತಂಬಾಕನ್ನೇ ನೋಡಿ. 2003ರ ಕೇಂದ್ರ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನೂ ಶಾಲೆಯಿಂದ 100 ಗಜದೊಳಗೆ ಮಾರುವುದನ್ನೂ ತಡೆಯುತ್ತದೆಯೇ ಹೊರತು ನಿಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಹಚ್ಚಬೇಡಿ ಎನ್ನುವುದಿಲ್ಲ. ಪೊಟ್ಟಣದ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು ನಮ್ಮ ಹೈಕೋರ್ಟು 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತ್ತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಆ ವ್ಯಾಜ್ಯ ತಂದವರು ತಂಬಾಕು ಉದ್ಯಮದವರು, ಸೇದುವವರಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ಮಾತನಾಡುವವರಲ್ಲಿ ಎಷ್ಟೋ ಮಂದಿ ಕಾಪಾಡುತ್ತಿರುವುದು ತಮ್ಮ ವ್ಯಾಪಾರವನ್ನು ಎಂಬುದನ್ನು ಮರೆಯಬಾರದು. ಆದರೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ಕರ್ನಾಟಕದ ತಿದ್ದುಪಡಿಯನ್ನು ನಾನು ಪೂರ್ತಿ ಒಪ್ಪಲಾರೆ. ಮತ ಹಾಕಿ ಸರ್ಕಾರವನ್ನು ಆರಿಸಬಲ್ಲವನು ಬೀಡಿ ಬೇಕೋ ಬೇಡವೋ ಎಂದು ತೀರ್ಮಾನಿಸಲಾರ ಎನ್ನುವುದು ವಿಚಿತ್ರವೇ. ಅದೂ ಮಾರುವವನ ಮೇಲಿನ ನಿಯಮವೇ ಆದ್ದರಿಂದ ಇಲ್ಲಿ ನನ್ನ ಅಳತೆ ಸ್ವಲ್ಪ ತಡವರಿಸುತ್ತದೆ, ನಿಜ.

ಉಪ್ಪಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆ ಸುರಿಯುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ನಿಲ್ಲುವುದಿಲ್ಲ, ಅದರ ಕೊರತೆಯಿಂದ ಗಳಗಂಡ ಬರುತ್ತದೆ, ಹುಟ್ಟುವ ಮಗುವಿನ ಬುದ್ಧಿಯ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಆದ್ದರಿಂದ 2006ರಲ್ಲಿ ಊಟದ ಉಪ್ಪಿಗೆ ಅಯೋಡಿನ್ ಕಡ್ಡಾಯವಾಯಿತು. ದನಕ್ಕೆ ಹಾಕುವ ಉಪ್ಪಿಗೆ ಆ ಕಟ್ಟಳೆಯಿಲ್ಲ. ಯಾರ ಸ್ವಾತಂತ್ರ್ಯಕ್ಕೂ ಇದರಿಂದ ದೊಡ್ಡ ನಷ್ಟವಾದದ್ದು ನನಗೆ ಕಾಣದು.

ಮದ್ಯದ ವಿಷಯ ಕೊಡಗಿನಲ್ಲಿ ಅಷ್ಟು ಸರಳವಲ್ಲ. ಕೊಡವರ ಮನೆಗಳಲ್ಲಿ ಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವಾಗ ಮದ್ಯವೂ ಇರುತ್ತದೆ, ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಊಟ ಹಂದಿ ಮಾಂಸದ ಪಂದಿಕರಿಯೊಂದರಿಂದಲೇ ಮುಗಿಯುವುದಿಲ್ಲ. ಹೀಗಾಗಿ ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯದ ಗುರಿಯೆಂದು ಹೇಳಿದ್ದರೂ ನಮ್ಮಲ್ಲಿ ಅದಕ್ಕೆ ತಲೆದೂಗುವವರು ಕಡಿಮೆ. ಆದರೆ ತೋಟದ ಮನೆಯಲ್ಲಿ ಸಂಜೆ ಒಂದು ಪೆಗ್ ಹಾಕಿಕೊಂಡು ವ್ಯಕ್ತಿಸ್ವಾತಂತ್ರ್ಯದ ಮಾತನಾಡುವ ನಮ್ಮಂಥವರು, ಅದೇ ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ವಾರದ ಬಟವಾಡೆಯಾದ ಸಂಜೆ ಏನಾಗುತ್ತದೆ ಎಂಬುದನ್ನೂ ನೋಡಬೇಕಲ್ಲವೇ? ಅಲ್ಲಿ ಕುಡಿಯುವುದು ಅವನ ಇಷ್ಟ, ಮಕ್ಕಳ ಊಟ ತಪ್ಪುವುದು ಯಾರ ಇಷ್ಟವೂ ಅಲ್ಲ. ಅಂಗಡಿ ಮುಚ್ಚಿಸಿ ಎಂದು ಕೇಳುವ ಹೆಂಗಸರನ್ನು ಸ್ವಾತಂತ್ರ್ಯದ ವಿರೋಧಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ನಿಷೇಧದಿಂದ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ವಿಸ್ಕಿಗಳಲ್ಲಿ ಅಗ್ಗದ್ದಾದರೂ ಸಾರಾಯಿಗಿಂತ ದುಬಾರಿಯಾದದ್ದು ಬಂದು ಕುಳಿತಿತು. ಸಗಟು ಮದ್ಯವೆಲ್ಲ ಹೋಗುವುದು ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ, ಬೊಕ್ಕಸ ತುಂಬುವುದೂ ಅದರಿಂದಲೇ. ಒಂದು ಕೈಯಿಂದ ಮಾರುತ್ತ ಇನ್ನೊಂದು ಕೈಯಿಂದ ಬುದ್ಧಿ ಹೇಳುವ ಸರ್ಕಾರದ ಮಾತಿಗೆ ತೂಕ ಕಡಿಮೆ. ಅಂಗಡಿಗಳು ಲೈನ್ ಮನೆಗಳಿಂದ ದೂರವಿರಲಿ, ಬಟವಾಡೆಯ ಸಂಜೆ ಬೇಗ ಬಾಗಿಲು ಹಾಕಲಿ ಎಂಬಷ್ಟು ನಿಯಮವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ರೋಗ ಬಂದರೆ ಚಿಕಿತ್ಸೆಯ ಖರ್ಚು ಎಲ್ಲರ ತೆರಿಗೆಯಿಂದ ಹೋಗುವುದರಿಂದ ಸರ್ಕಾರಕ್ಕೆ ಕೇಳುವ ಹಕ್ಕಿದೆ ಎಂದು ಕೆಲವರು ವಾದಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಆ ದಾರಿ ಹಿಡಿದರೆ ನಾಳೆ ಪಂದಿಕರಿಯ ಕೊಬ್ಬನ್ನೂ ಅಳೆದು ನೋಡಲು ಒಬ್ಬ ಅಧಿಕಾರಿ ಬರಬೇಕಾಗುತ್ತದೆ.

ಇನ್ನು ಲಸಿಕೆ. 2022ರ ಮೇ 2ರಂದು ಕೋವಿಡ್ ಲಸಿಕೆಯ ಕುರಿತಾದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರನ್ನೂ ಬಲವಂತವಾಗಿ ಲಸಿಕೆಗೆ ಒಡ್ಡುವಂತಿಲ್ಲ, ದೇಹದ ಮೇಲಿನ ಹಕ್ಕು ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಮಿತವಾದ ನಿರ್ಬಂಧ ಹೇರಬಹುದು, ಆದರೆ ಅದು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದೂ ಸೇರಿಸಿತು. ಈ ಎರಡನೆಯ ಮಾತಿನ ಅರ್ಥ ಗಡಿಯವರಿಗೆ ಬೇಗ ಆಗುತ್ತದೆ. 2021ರಲ್ಲಿ ಕೇರಳದಿಂದ ಬರುವವರು ಕುಟ್ಟ, ಮಾಕುಟ್ಟ ಚೆಕ್‌ಪೋಸ್ಟುಗಳಲ್ಲಿ ಕೋವಿಡ್ ಇಲ್ಲವೆಂಬ ಆರ್‌ಟಿಪಿಸಿಆರ್ ಪರೀಕ್ಷೆಯ ವರದಿ ತೋರಿಸಬೇಕಾಗಿತ್ತು. ಪ್ರವಾಸಕ್ಕೆ ಬರುವವರಿಗೆ ಅದೊಂದು ಕಾಗದ. ಆಚೆ ವಯನಾಡಿನಿಂದ ಈಚಿನ ತೋಟಗಳಿಗೆ ಕೂಲಿಗೆ ಬರುವವರಿಗೆ ದುಡಿಮೆಯ ದಾರಿಯನ್ನೇ ಮುಚ್ಚುವಂಥದ್ದು. ಸೋಂಕು ಏರಿದ್ದಾಗ ನಿಯಮ ಬೇಕಿತ್ತು ಎಂದೇ ನಾನು ಹೇಳುತ್ತೇನೆ, ಆದರೆ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯವೊಂದಿದೆ: ಪಡಿತರದ ಸಾರವರ್ಧಿತ ಅಕ್ಕಿ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳುಗಳನ್ನು 100ಕ್ಕೆ 1ರಂತೆ ಬೆರೆಸುತ್ತ ಬಂದಿದ್ದಾರೆ. ಹೆಂಗಸರು ಮೊರದಲ್ಲಿ ಕೇರುವಾಗ ಅವನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಆರಿಸಿ ಎಸೆಯುವುದುಂಟು. ಅದು ಪ್ಲಾಸ್ಟಿಕ್ ಅಲ್ಲ, ಆ ಭಯಕ್ಕೆ ಕಾರಣವಿಲ್ಲ. ಪ್ರಶ್ನೆ ಬೇರೆ. ನೀಲಗಿರಿ, ವಯನಾಡು, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಅನೀಮಿಯಾ ಎಂಬ, ವಂಶದಿಂದ ಬರುವ ರಕ್ತದ ಕಾಯಿಲೆ ಇದೆ. ಅಂತಹವರು ಕಬ್ಬಿಣ ಬೆರೆಸಿದ ಆಹಾರ ಸೇವಿಸಬಾರದೆಂಬ ಎಚ್ಚರಿಕೆ ಮೊದಲು ಪೊಟ್ಟಣದ ಮೇಲೆ ಕಡ್ಡಾಯವಾಗಿತ್ತು, 2024ರಲ್ಲಿ ಅದನ್ನು ತೆಗೆದುಹಾಕಲಾಯಿತು. ಇಷ್ಟು ಅಲ್ಪ ಪ್ರಮಾಣದಿಂದ ಅಪಾಯವಿಲ್ಲ ಎಂಬುದು ಸರ್ಕಾರದ ನಿಲುವು. ಆ ನಿಲುವು ಸರಿಯೇ ಇರಬಹುದು. ಆದರೆ ನನಗೆ ಬೇಡವೆನಿಸಿದರೆ ನಾನು ಗೋಣಿಕೊಪ್ಪದ ಅಂಗಡಿಯಿಂದ ಬೇರೆ ಅಕ್ಕಿ ತರುತ್ತೇನೆ. ಕಾಡಂಚಿನ ಹಾಡಿಯಲ್ಲಿರುವ ಯರವ, ಜೇನುಕುರುಬ ಬುಡಕಟ್ಟಿನ ಕುಟುಂಬಕ್ಕೆ ಉಣ್ಣಲು ಇರುವುದು ಅದೊಂದೇ. ಬಲವಂತವೆಂಬ ಮಾತೇ ಇಲ್ಲದ ಬಲವಂತ ಇದು, ಇದರ ವಿರುದ್ಧ ಯಾರೂ ವ್ಯಕ್ತಿಸ್ವಾತಂತ್ರ್ಯದ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಸಿಕಲ್ ಸೆಲ್ ತಪಾಸಣೆಯನ್ನು ಸರ್ಕಾರವೇ 2023ರಿಂದ ಅಭಿಯಾನವಾಗಿ ನಡೆಸುತ್ತಿದೆ. ತಪಾಸಣೆಯ ಕಾರ್ಡು ತೋರಿಸಿದ ಕುಟುಂಬಕ್ಕೆ ಅದೇ ನ್ಯಾಯಬೆಲೆ ಅಂಗಡಿಯಲ್ಲಿ ಸಾದಾ ಅಕ್ಕಿ ಕೊಡುವ ವ್ಯವಸ್ಥೆ ಮಾಡುವುದು ಅದಕ್ಕೆ ಕಷ್ಟವಾಗಬಾರದು.