ಸ್ಪ್ರೇ ಮಾಡಿದ ಸ್ಟೀಲ್ ಕೋಟಿಂಗ್ ಎಷ್ಟು ಲೋಡಿಗೆ ಪರ್ಮನೆಂಟ್ ಆಗಿ ಆಕಾರ ಕೆಡುತ್ತದೆ? ಹಾರ್ಡ್‌ನೆಸ್ ನೋಡಿದರೆ ಸಾಕಾ?

ಸಾಕಾಗುವುದಿಲ್ಲ. ಸವೆದ ಶಾಫ್ಟಿಗೆ ವೈರ್ ಆರ್ಕ್ ಸ್ಪ್ರೇ, ಅಂದರೆ ಲೋಹದ ತಂತಿಯನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಗಾಳಿಯಿಂದ ಎರಚುವ ಕೋಟಿಂಗ್, ಮಾಡಿಸಿದ್ದೇನೆ ಅಂದಿದ್ದೀರಿ. ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ರಜೆ ಬಿದ್ದಾಗ ಬೋಟಿನ ಶಾಫ್ಟುಗಳೇ ಜಾಸ್ತಿ.

ಪತ್ರೊಡೆ ಕತ್ತರಿಸಿ ನೋಡಿದ್ದೀರಲ್ವಾ? ಎಲೆ, ಹಿಟ್ಟು, ಮತ್ತೆ ಎಲೆ. ಕೋಟಿಂಗ್ ಒಳಗೂ ಹಾಗೇ. ಕರಗಿದ ಹನಿ ಬಡಿದು ಚಪ್ಪಟೆಯಾಗುತ್ತದೆ, ಅದರ ಮೇಲೆ ಇನ್ನೊಂದು. ನಡುವೆ ಆಕ್ಸೈಡ್ ಪೊರೆ, ಸಣ್ಣ ತೂತು. ಹಾರ್ಡ್‌ನೆಸ್ ಅಳೆಯುವ ವಿಕರ್ಸ್ ಮೆಷಿನ್ನಿನಲ್ಲಿ 300 ಗ್ರಾಂ ಹಾಕಿ ಒತ್ತಿದರೆ ವಜ್ರದ ಮೊನೆ ಒಮ್ಮೆ ಆಕ್ಸೈಡ್ ಮೇಲೆ ಕೂರುತ್ತದೆ, ಒಮ್ಮೆ ತೂತಿನ ಪಕ್ಕ. ರೀಡಿಂಗ್ ಕುಣಿಯುವುದು ಅದಕ್ಕೇ. ಅಂಟು ಹಚ್ಚಿ ಎಳೆಯುವ ಟೆಸ್ಟ್ ಬರೀ ಹಿಡಿತ ಹೇಳುತ್ತದೆ.

ನಾವು ಮಾಡುವುದು ಹೀಗೆ. ಅಲ್ಯೂಮಿನಿಯಂ ತಗಡಿನ ಮೇಲೆ ಒಂದು ಮಿಲಿಮೀಟರಿನಷ್ಟು ಸ್ಟೀಲ್ ಸ್ಪ್ರೇ ಮಾಡಿ, ಪಟ್ಟಿಯಾಗಿ ಕತ್ತರಿಸಿ, ಕಾಸ್ಟಿಕ್ ಸೋಡಾ ನೀರಿಗೆ ಹಾಕುತ್ತೇವೆ. ಅಲ್ಯೂಮಿನಿಯಂ ನೊರೆ ಎಬ್ಬಿಸಿ ಕರಗುತ್ತದೆ, ಸ್ಟೀಲ್ ಉಳಿಯುತ್ತದೆ. ಇದನ್ನು ಹೊರಗೆ ಗಾಳಿಯಲ್ಲಿ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಮಾಡಿ. ಬರುವುದು ಹೈಡ್ರೋಜನ್, ಹತ್ತಿರ ಬೆಂಕಿ ಬೇಡ. ಕೆಲವು ಪಟ್ಟಿ ಆಗಲೇ ಸ್ವಲ್ಪ ಬಾಗಿರುತ್ತವೆ. ಒಳಗೆ ಕೂತಿದ್ದ ಸ್ಟ್ರೆಸ್ ಅದು.

ನೆಟ್ಟಗಿರುವ ಪಟ್ಟಿಗೆ ಎರಡೂ ಮುಖದಲ್ಲಿ ಸ್ಟ್ರೇನ್ ಗೇಜ್ (ಎಷ್ಟು ಹಿಗ್ಗಿತು ಅಂತ ಅಳೆಯುವ ತೆಳು ಪಟ್ಟಿ) ಅಂಟಿಸಿ ಎಳೆಯಿರಿ. ಒಂದೇ ಸಲ ಮುರಿಯುವವರೆಗೆ ಎಳೆದರೆ ಅರ್ಧ ಸುದ್ದಿ ಹೋಯಿತು. ಸ್ವಲ್ಪ ಲೋಡ್ ಕೊಡಿ, ಪೂರ್ತಿ ಇಳಿಸಿ. ಇನ್ನಷ್ಟು ಕೊಡಿ, ಮತ್ತೆ ಇಳಿಸಿ. ಇಳಿಸಿದ ಮೇಲೆ ಗೇಜ್ ಸೊನ್ನೆಗೆ ಬರದಿದ್ದರೆ ಅದೇ ಪರ್ಮನೆಂಟ್ ಸೆಟ್, ಅಂದರೆ ವಾಪಸ್ ಬರದ ಹಿಗ್ಗುವಿಕೆ.

ಆದರೆ ಅಲ್ಲೇ ಖುಷಿಪಡಬೇಡಿ. ಪದರ ಜಾರಿದರೂ, ಬಿರುಕು ಬಿಟ್ಟರೂ ಗೇಜ್ ಸೊನ್ನೆಗೆ ಬರುವುದಿಲ್ಲ. ಲೋಡ್ ಮತ್ತು ಹಿಗ್ಗುವಿಕೆಯ ಗ್ರಾಫಿನಲ್ಲಿ, ಲೋಡ್ ಇಳಿಸುವಾಗ ಬರುವ ಗೆರೆಯ ಇಳಿಜಾರು ನೋಡಿ. ಮೊದಲಿನಷ್ಟೇ ಕಡಿದಾಗಿದ್ದರೆ ಲೋಹವೇ ಹಿಗ್ಗಿದೆ. ಸಲದಿಂದ ಸಲಕ್ಕೆ ಇಳಿಜಾರು ಕಮ್ಮಿಯಾಗುತ್ತಾ ಬಂದರೆ ಒಳಗೆ ಬಿರುಕು ಬೆಳೆಯುತ್ತಿದೆ. ನನ್ನ ಮೊದಲ ರಿಪೋರ್ಟಿನಲ್ಲಿ ಇದನ್ನು ನೋಡದೆ, ಕೋಟಿಂಗ್ ಚೆನ್ನಾಗಿ ಹಿಗ್ಗುತ್ತದೆ ಅಂತ ಬರೆದಿದ್ದೆ. ಆಮೇಲೆ ಅದೇ ಪಟ್ಟಿ ಮೈಕ್ರೋಸ್ಕೋಪಿನ ಕೆಳಗೆ ಕೆಸರು ಒಣಗಿದ ಗದ್ದೆಯ ಹಾಗೆ ಕಂಡಿತು!

ಒತ್ತಿದಾಗ ಕಥೆ ಬೇರೆ, ತೂತು, ಬಿರುಕು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಬೇರಿಂಗ್ ಕೂರುವ ಜಾಗವಾದರೆ ಒತ್ತುವ ಟೆಸ್ಟನ್ನೂ ಮಾಡಿಸಿ. ಶಾಫ್ಟಿನ ಬಲ ಲೆಕ್ಕ ಹಾಕುವಾಗ ಮಾತ್ರ ಕೋಟಿಂಗ್ ದಪ್ಪ ಸೇರಿಸಬೇಡಿ, ಸ್ಪ್ರೇಗೆ ಮೊದಲು ಲೇತ್‌ನಲ್ಲಿ ಇಳಿಸಿದ ಮೇಲೆ ಉಳಿದ ಶಾಫ್ಟಿನ ವ್ಯಾಸವನ್ನೇ ಹಿಡಿಯಿರಿ.